ಮತವಿಲ್ಲದವರ ಪ್ರತಿನಿಧಿ

ಸಿರಿವಂತನೂ ಬಡವನೂ ಒಂದೇ ತೂಕದವರಾಗುವ ಸ್ಥಳವೊಂದಿದ್ದರೆ ಅದು ಮತಗಟ್ಟೆ. ಆದರೆ ಆ ಮತಗಟ್ಟೆಯ ಬಾಗಿಲು ಎಲ್ಲರಿಗೂ ಒಮ್ಮೆಗೇ ತೆರೆಯಲಿಲ್ಲ. ಕೂಲಿಕಾರರು, ಮಹಿಳೆಯರು, ಪರಾಧೀನ ದೇಶಗಳ ಪ್ರಜೆಗಳು ಬಹುಕಾಲ ಅದರ ಹೊರಗೇ ನಿಂತಿದ್ದರು. ಹೀಗೆ ಹೊರಗುಳಿದವರ ಪರವಾಗಿ ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ದನಿಯೆತ್ತಿದವರಲ್ಲಿ ಹೆನ್ರಿ ಫಾಸೆಟ್ಟರು ಪ್ರಮುಖರು. ಅವರು ಅಂಧರಾಗಿದ್ದರು.

ಫಾಸೆಟ್ಟರು 1833ರಲ್ಲಿ ಇಂಗ್ಲೆಂಡಿನ ಸಾಲ್ಸ್‌ಬರಿ ಪಟ್ಟಣದಲ್ಲಿ ಜನಿಸಿದರು. ತಂದೆ ಬಟ್ಟೆಯ ವ್ಯಾಪಾರಿ. ಕೇಂಬ್ರಿಜ್ ವಿಶ್ವವಿದ್ಯಾಲಯದ ಗಣಿತ ಪರೀಕ್ಷೆಯಲ್ಲಿ ಉನ್ನತ ಸ್ಥಾನ ಪಡೆದು ತೇರ್ಗಡೆಯಾದ ಅವರು ನ್ಯಾಯಶಾಸ್ತ್ರವನ್ನು ಅಭ್ಯಾಸ ಮಾಡಿ ಸಂಸತ್ತನ್ನು ಪ್ರವೇಶಿಸಬೇಕೆಂಬ ಹಂಬಲ ಹೊಂದಿದ್ದರು. ಆದರೆ 1858ರ ಸೆಪ್ಟೆಂಬರ್ ತಿಂಗಳಲ್ಲಿ ಊರ ಬಳಿಯ ಬೆಟ್ಟದಲ್ಲಿ ಬೇಟೆಯಾಡುತ್ತಿದ್ದಾಗ, ತಂದೆ ಕವುಜುಗ ಹಕ್ಕಿಗೆ ಗುರಿಯಿಟ್ಟು ಹಾರಿಸಿದ ಬಂದೂಕಿನ ಚರೆಗಳು ಮಗನ ಎರಡು ಕಣ್ಣುಗಳಿಗೂ ತಗುಲಿದವು. ಇಪ್ಪತ್ತೈದನೆಯ ವಯಸ್ಸಿನಲ್ಲಿ ಫಾಸೆಟ್ಟರ ಪಾಲಿಗೆ ಬೆಳಕು ಶಾಶ್ವತವಾಗಿ ಮರೆಯಾಯಿತು.

ಮಗನ ಕಣ್ಣನ್ನು ತಾನೇ ಕಳೆದೆನೆಂಬ ದುಃಖದಿಂದ ತಂದೆ ಕುಸಿದುಹೋದರು. ಆ ವೃದ್ಧ ಜೀವಕ್ಕೆ ಸಮಾಧಾನವಾಗುವಂತೆ ತಾನು ನಗುನಗುತ್ತ ಬಾಳಬೇಕೆಂದು ಮಗನು ಸಂಕಲ್ಪ ಮಾಡಿದರು. ಅಂಧತೆಯ ಕಾರಣದಿಂದ ತಮ್ಮ ಬಾಳಿನ ಗುರಿಯನ್ನು ಬದಲಿಸಬಾರದೆಂದೂ ನಿಶ್ಚಯಿಸಿದರು. ಕುದುರೆ ಸವಾರಿ, ಮೀನು ಹಿಡಿಯುವುದು, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ಜಾರುವ ಆಟ, ಇವೊಂದನ್ನೂ ಅವರು ತೊರೆಯಲಿಲ್ಲ. ಪುಸ್ತಕಗಳನ್ನು ಓದಿಸಿ ಕೇಳಿದರು. ಅಂಕಿ ಅಂಶಗಳನ್ನು ಕಂಠಸ್ಥ ಮಾಡಿದರು. 1863ರಲ್ಲಿ ಅರ್ಥಶಾಸ್ತ್ರದ ಮೇಲೆ ಗ್ರಂಥವೊಂದನ್ನು ಪ್ರಕಟಿಸಿ, ಅದೇ ವರ್ಷ ಕೇಂಬ್ರಿಜಿನಲ್ಲಿ ಆ ವಿಷಯದ ಪ್ರಾಧ್ಯಾಪಕರಾದರು.

ಸಂಸತ್ತಿನ ದಾರಿ ಸುಲಭವಾಗಿರಲಿಲ್ಲ. ಕಣ್ಣಿಲ್ಲದವನು ಶಾಸನ ಸಭೆಯಲ್ಲಿ ಹೇಗೆ ಕೆಲಸ ಮಾಡಿಯಾನೆಂಬ ಸಂಶಯವನ್ನು ಅವರು ಎದುರಿಸಬೇಕಾಯಿತು. ಮೊದಲ ಪ್ರಯತ್ನಗಳು ವಿಫಲವಾದರೂ ಎದೆಗುಂದದೆ, 1865ರಲ್ಲಿ ಬ್ರೈಟನ್ ಕ್ಷೇತ್ರದಿಂದ ಕಾಮನ್ಸ್ ಸಭೆಗೆ ಚುನಾಯಿತರಾದರು. ಸಂಶಯಪಟ್ಟವರಿಗೆ ಅವರ ಕಾರ್ಯವೇ ಉತ್ತರ ನೀಡಿತು.

ಫಾಸೆಟ್ಟರ ಕರುಣೆ ತಮ್ಮ ಕ್ಷೇತ್ರದ ಎಲ್ಲೆಯಲ್ಲಿ ನಿಲ್ಲಲಿಲ್ಲ. 1866ರಲ್ಲಿ ಒರಿಸ್ಸಾ ಪ್ರಾಂತವು ಭೀಕರ ಕ್ಷಾಮಕ್ಕೆ ತುತ್ತಾಗಿತ್ತು. ಮರುವರ್ಷ ತುರ್ಕಿಯ ಸುಲ್ತಾನನ ಗೌರವಾರ್ಥವಾಗಿ ಲಂಡನ್ನಿನಲ್ಲಿ ಏರ್ಪಟ್ಟ ವೈಭವದ ನೃತ್ಯಕೂಟದ ವೆಚ್ಚವನ್ನು ಭಾರತದ ಬೊಕ್ಕಸದ ಮೇಲೆ ಹೊರಿಸಲಾಯಿತು. ಈ ಅನ್ಯಾಯವನ್ನು ಫಾಸೆಟ್ಟರು ಸಭೆಯಲ್ಲಿ ಖಂಡಿಸಿದರು. ಅಂದಿನಿಂದ ಭಾರತದ ಆಯವ್ಯಯವನ್ನು ಆಳವಾಗಿ ಅಭ್ಯಸಿಸಿ ಮತ್ತೆ ಮತ್ತೆ ಪ್ರಶ್ನಿಸತೊಡಗಿದರು. ಭಾರತೀಯರ ಒಂದು ಮತವೂ ಅವರಿಗೆ ದೊರೆಯುವಂತಿರಲಿಲ್ಲ. ಆದರೂ ಅವರು ಭಾರತದ ಸದಸ್ಯರೆಂದೇ ಹೆಸರಾದರು. 1874ರಲ್ಲಿ ಬ್ರೈಟನ್ನಿನಲ್ಲಿ ಸೋತು ಅದೇ ವರ್ಷ ಹ್ಯಾಕ್ನಿಯಿಂದ ಗೆದ್ದುಬಂದಾಗ, ಅವರ ಚುನಾವಣೆಯ ವೆಚ್ಚಕ್ಕಾಗಿ ಭಾರತೀಯರು ಹಣ ಸಂಗ್ರಹಿಸಿ ಕಳುಹಿಸಿದರು.

1880ರಲ್ಲಿ ಫಾಸೆಟ್ಟರು ಪೋಸ್ಟ್‌ಮಾಸ್ಟರ್ ಜನರಲ್ ಪದವಿಗೇರಿದರು. ಬಡವರೂ ಅಂಚೆಚೀಟಿಗಳ ಮೂಲಕ ಚಿಲ್ಲರೆ ಹಣವನ್ನು ಉಳಿತಾಯ ಮಾಡುವ ಏರ್ಪಾಡು ಅವರ ಕಾಲದಲ್ಲಿ ಜಾರಿಗೆ ಬಂದಿತು. 1883ರಲ್ಲಿ ಪಾರ್ಸೆಲ್ ಅಂಚೆಯೂ ಆರಂಭವಾಯಿತು.

ಅವರ ಧೈರ್ಯಕ್ಕೆ ನಿಜವಾದ ಪರೀಕ್ಷೆ 1884ರಲ್ಲಿ ಒದಗಿತು. ಗ್ರಾಮಾಂತರದ ದುಡಿಯುವ ಜನರಿಗೆ ಮತದಾನದ ಹಕ್ಕನ್ನು ವಿಸ್ತರಿಸುವ ಮಸೂದೆ ಆಗ ಸಭೆಯ ಮುಂದಿತ್ತು. ಅದರಲ್ಲಿ ಮಹಿಳೆಯರನ್ನೂ ಸೇರಿಸಬೇಕೆಂಬ ತಿದ್ದುಪಡಿ ಬಂದಾಗ ಪ್ರಧಾನಿ ಗ್ಲಾಡ್‌ಸ್ಟನ್ನರು ವಿರೋಧಿಸಿದರು. ಫಾಸೆಟ್ಟರ ಪತ್ನಿ ಮಿಲಿಸೆಂಟರು ಮಹಿಳಾ ಮತದಾನ ಚಳವಳಿಯಲ್ಲಿ ದುಡಿಯುತ್ತಿದ್ದರು. ಫಾಸೆಟ್ಟರೂ ಬಹುಕಾಲದಿಂದ ಅದರ ಬೆಂಬಲಿಗರು. ಪದವಿ ಹೋಗುವ ಸಂಭವವಿದ್ದರೂ ಅವರು ಸರ್ಕಾರದ ಪರವಾಗಿ ಮತ ಹಾಕದೆ ದೂರ ಉಳಿದರು. ಅದೇ ವರ್ಷದ ನವೆಂಬರ್ 6ರಂದು ನಿಧನರಾದರು. ಗಂಡನ ಕನಸು ಪೂರ್ಣವಾಗಿ ನನಸಾಗಿ, 1928ರಲ್ಲಿ ಬ್ರಿಟನ್ನಿನ ಮಹಿಳೆಯರು ಪುರುಷರಿಗೆ ಸಮನಾದ ಮತದಾನದ ಹಕ್ಕನ್ನು ಪಡೆದುದನ್ನು ಮಿಲಿಸೆಂಟರು ಕಂಡರು.

ಅಂಧರನ್ನು ಬೇರೆಯಾಗಿ ಕೂಡಿಹಾಕದೆ ಎಲ್ಲರ ನಡುವೆ ಬಾಳಗೊಡಬೇಕೆಂಬುದು ಫಾಸೆಟ್ಟರ ನಿಲುವಾಗಿತ್ತು. ಆದರೆ ಅವರ ಕಾಲದಲ್ಲೇ, 1872ರಲ್ಲಿ, ಗುಪ್ತ ಮತದಾನದ ಕಾನೂನು ಬಂದಾಗ ಅಂಧ ಮತದಾರನ ಚೀಟಿಗೆ ಮತಗಟ್ಟೆಯ ಅಧಿಕಾರಿಯೇ ಅಭ್ಯರ್ಥಿಗಳ ಏಜೆಂಟರ ಎದುರಿನಲ್ಲಿ ಗುರುತು ಹಾಕಬೇಕಾಯಿತು. ಇತರರಿಗೆ ಗುಪ್ತವಾದುದು ಅಂಧನಿಗೆ ಗುಪ್ತವಾಗಲಿಲ್ಲ. ಇಂದು ನಮ್ಮ ದೇಶದ ಮತಯಂತ್ರಗಳ ಗುಂಡಿಗಳ ಪಕ್ಕದಲ್ಲಿ ಬ್ರೈಲ್ ಲಿಪಿಯ ಅಂಕೆಗಳಿವೆ. ಬ್ರೈಲ್ ಬಲ್ಲ ಮತದಾರರು ಬೆರಳಿನಿಂದ ಓದಿ ತಾವೇ ಮತ ನೀಡಬಲ್ಲರು. ಮತಗಟ್ಟೆಗಳೆಲ್ಲವೂ ವಿಕಲಚೇತನರು ಸುಗಮವಾಗಿ ಪ್ರವೇಶಿಸುವಂತಿರಬೇಕೆಂದು 2016ರ ಕಾಯಿದೆ ವಿಧಿಸಿದೆ. ಮತಗಟ್ಟೆಯ ಮುಂದಿನ ಇಳಿಜಾರು ದಾರಿಯೂ ಗುಂಡಿಯ ಪಕ್ಕದ ಉಬ್ಬು ಚುಕ್ಕಿಗಳೂ ಯಾರೋ ತೋರಿದ ದಯೆಯಲ್ಲ. ಅವು ಪ್ರಜೆಯ ಹಕ್ಕಿನ ಭಾಗ. ಹಕ್ಕು ಕಾಗದದ ಮೇಲಿದ್ದರೆ ಸಾಲದು, ಅದು ಕೈಗೆಟುಕುವಂತಿರಬೇಕು.