ಬೋಸರ ಲಾಳಿಕೆ

ಜಗದೀಶಚಂದ್ರ ಬೋಸ್ ಅಂದರೆ ಗಿಡಗಳ ಮೇಲೆ ಪ್ರಯೋಗ ಮಾಡಿದವರು ಅಂತ ನಾವೆಲ್ಲ ಓದಿದ್ದೇವೆ. ನಾನೂ ಅಷ್ಟೇ ತಿಳಿದಿದ್ದೆ. ಮೊನ್ನೆ ವಿಜ್ಞಾನದ ಮೇಷ್ಟ್ರು ಮೊಬೈಲ್ ಟವರಿನ ವಿಷಯ ಹೇಳುವಾಗ ಇವರ ಹೆಸರು ತೆಗೆದರು. ಗಿಡಕ್ಕೂ ಟವರಿಗೂ ಏನಪ್ಪಾ ಸಂಬಂಧ ಅಂತ ಹುಡುಕಿ ಓದಿದೆ.

ಬೋಸರು ಹುಟ್ಟಿದ್ದು 1858ರ ನವೆಂಬರ್ 30ರಂದು, ಈಗಿನ ಬಾಂಗ್ಲಾದೇಶದ ಮೈಮನ್‌ಸಿಂಗ್‌ನಲ್ಲಿ. ತಂದೆ ದೊಡ್ಡ ಸರ್ಕಾರಿ ಅಧಿಕಾರಿ. ಆದರೂ ಮಗನನ್ನು ಮೊದಲು ಬಂಗಾಳಿ ಶಾಲೆಗೇ ಹಾಕಿದರು. ಅಲ್ಲಿ ಅವರ ಪಕ್ಕ ಕೂರುತ್ತಿದ್ದವನು ಒಬ್ಬ ಮೀನುಗಾರನ ಮಗ. ಮುಂದೆ ಕೇಂಬ್ರಿಜ್‌ನಲ್ಲಿ ಓದಿ, 1885ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿಗೆ ಮೇಷ್ಟ್ರಾಗಿ ಬಂದರು. ಅಲ್ಲಿ ಬಿಳಿಯರಿಗೆ ಹೆಚ್ಚು ಸಂಬಳ, ನಮ್ಮವರಿಗೆ ಕಡಿಮೆ. ಬೋಸರು ಪಾಠ ಬಿಡಲಿಲ್ಲ, ಸಂಬಳ ಮಾತ್ರ ಮುಟ್ಟಲಿಲ್ಲ. ಮೂರು ವರ್ಷ! ಮನೆಯಲ್ಲಿ ಸಾಲ ಬೇರೆ ಇತ್ತು. ಕೊನೆಗೆ ಸರ್ಕಾರವೇ ಸೋತು ಹಿಂದಿನದನ್ನೂ ಸೇರಿಸಿ ಪೂರ್ತಿ ಕೊಟ್ಟಿತು.

1894ರಲ್ಲಿ ಬಚ್ಚಲುಮನೆ ಪಕ್ಕದ ಒಂದು ಪುಟ್ಟ ಕೋಣೆಯಲ್ಲಿ ರೇಡಿಯೋ ಅಲೆಗಳ ಕೆಲಸ ಶುರು ಮಾಡಿದರು. ಸಹಾಯಕ್ಕಿದ್ದವನು ಒಬ್ಬ ತಗಡಿನ ಕೆಲಸದವನು. ಅದಕ್ಕೆ ಕೆಲವು ವರ್ಷ ಮೊದಲು ಜರ್ಮನಿಯ ಹರ್ಟ್ಸ್ ಕಿಡಿ ಹಾರಿಸಿ ಆ ಅಲೆಗಳನ್ನು ಹುಟ್ಟಿಸಿದ್ದರು. ಅವು ಒಂದು ಮೊಳಕ್ಕಿಂತ ಉದ್ದ. ಪರೀಕ್ಷಿಸೋದಕ್ಕೆ ಆಳೆತ್ತರದ ಪಟ್ಟಕ ಬೇಕು. ಪುಟ್ಟ ಕೋಣೆಯಲ್ಲಿ ಅದೆಲ್ಲಿ ಹಿಡಿಸಬೇಕು? ಬೋಸರು ಅಲೆಯನ್ನೇ ಚಿಕ್ಕದು ಮಾಡಿದರು. ಬರೀ 5 ಮಿಲಿಮೀಟರ್, ಹೆಸರುಕಾಳಿನಷ್ಟು! ಸೆಕೆಂಡಿಗೆ 6000 ಕೋಟಿ ಸಲ ಅದುರುವ ಅಲೆ ಅದು.

ಆದರೆ ಅಲೆ ಹುಟ್ಟಿದ ಕೂಡಲೇ ಸುತ್ತಲೂ ಚೆಲ್ಲಿಹೋಗುತ್ತೆ. ಅದಕ್ಕೇ ಕಿಡಿಯನ್ನು ಲೋಹದ ಕೊಳವೆಯೊಳಗೆ ಹಾರಿಸಿದರು. ಅಲೆ ಕೊಳವೆಯ ಬಾಯಿಂದಲೇ ಹೊರಬರಬೇಕು. ಎದುರುಗಡೆ ಅದನ್ನು ಹಿಡಿಯಲು ಒಂದು ಚೌಕದ ಲಾಳಿಕೆ. ನಾವು ಸೀಮೆಎಣ್ಣೆ ಹುಯ್ಯುವ ಲಾಳಿಕೆಯ ಉಪಾಯವೇ! ಇವತ್ತು ಅದನ್ನು ಹಾರ್ನ್ ಆಂಟೆನಾ ಅಂತಾರೆ. ಗಂಧಕದಲ್ಲಿ ಕರೆಂಟು ಹರಿಯಲ್ಲ, ಆದರೆ ಅಲೆ ಒಳಹೊಕ್ಕು ಬಾಗುತ್ತೆ. ಎಷ್ಟು ಬಾಗುತ್ತೆ ಅಂತ ಬೋಸರು ಅಳೆದರು. ಒಂದೇ ದಿಕ್ಕಿನಲ್ಲಿ ಅದುರುವ ಅಲೆಗಳನ್ನು ಮಾತ್ರ ಸೋಸಲು ರೈಲ್ವೆ ಟೈಮ್‌ಟೇಬಲ್ ಪುಸ್ತಕದ ಹಾಳೆಗಳ ನಡುವೆ ತವರದ ಹಾಳೆ ಇಟ್ಟರು. ನನಗೆ ಬಹಳ ಇಷ್ಟವಾದದ್ದು ಇದೇ.

ಕರೆಂಟು ಹರಿಯಗೊಡದ ಪಿಂಗಾಣಿಯಂಥ ಚಿಕ್ಕ ಬಿಲ್ಲೆಯೇ ಆಂಟೆನಾ ಆಗಬಲ್ಲದು ಎಂದು 1983ರಲ್ಲಿ ಅಮೆರಿಕದ ಹ್ಯೂಸ್ಟನ್ನಿನವರು ತೋರಿಸಿದರು. ಅಲ್ಲೂ ಇದೇ ತಲೆನೋವು. ಅಲೆಯನ್ನು ಬಿಲ್ಲೆಯೊಳಗೆ ಹೊಗಿಸೋದು ಹೇಗೆ? ಪಕ್ಕದಲ್ಲಿ ತಂತಿಕಡ್ಡಿ ನಿಲ್ಲಿಸುತ್ತಾರೆ, ಇಲ್ಲವೇ ಅಡಿಯಲ್ಲಿ ತೆಳು ಲೋಹದ ಪಟ್ಟಿ ಹಾಯಿಸುತ್ತಾರೆ, ಇಲ್ಲವೇ ತಳದ ತಗಡಿನಲ್ಲಿ ಸೀಳು ಬಿಡುತ್ತಾರೆ. ಕಡ್ಡಿಯ ಉದ್ದ ಸ್ವಲ್ಪ ತಪ್ಪಿದರೂ ಅಲೆ ಬಂದ ದಾರಿಯಲ್ಲೇ ವಾಪಸ್!

1895ರಲ್ಲಿ ಕಲ್ಕತ್ತೆಯ ಟೌನ್ ಹಾಲಿನಲ್ಲಿ ಬೋಸರು ತಂತಿಯಿಲ್ಲದೆ, ಗೋಡೆ ದಾಟಿಸಿ, ದೂರದ ಗಂಟೆ ಬಾರಿಸಿ ಮದ್ದು ಸಿಡಿಸಿದರು. ರೇಡಿಯೋ ಕಂಡುಹಿಡಿದದ್ದು ಮಾರ್ಕೋನಿಯೋ ಬೋಸರೋ ಅಂತ ನಮ್ಮ ತರಗತಿಯಲ್ಲಿ ಜಗಳ ಆಗಿದೆ. ಬೋಸರಿಗೆ ಸುದ್ದಿ ಕಳಿಸುವ ವ್ಯಾಪಾರ ಬೇಕಿರಲಿಲ್ಲ, ಅಲೆಯ ಸ್ವಭಾವ ತಿಳಿಯಬೇಕಿತ್ತು ಅಂತ ನನಗನ್ನಿಸುತ್ತೆ.

1917ರಲ್ಲಿ ತಮ್ಮ ಹುಟ್ಟಿದ ದಿನವೇ ಬೋಸ್ ಸಂಸ್ಥೆ ತೆರೆದರು. 1937ರ ನವೆಂಬರ್ 23ರಂದು ಗಿರಿಡಿಯಲ್ಲಿ ತೀರಿಕೊಂಡರು. ಅವರ ಸಲಕರಣೆಗಳನ್ನು ಕೋಲ್ಕತ್ತದ ಆ ಸಂಸ್ಥೆಯಲ್ಲಿ ಇಟ್ಟಿದ್ದಾರೆ.