ಖಗೋಳವಿಜ್ಞಾನಿ ವೈನು ಬಪ್ಪು

ವಿದ್ಯಾರ್ಥಿಗಳೇ, ನಮ್ಮ ಹೈದರಾಬಾದಿನ ಬೇಗಂಪೇಟೆಯಲ್ಲಿ ನಿಜಾಮಿಯಾ ವೇಧಶಾಲೆಯ ಹಳೆಯ ಗುಮ್ಮಟವಿದೆ. ಈಗ ಅಲ್ಲಿಂದ ಯಾರೂ ಆಕಾಶವನ್ನು ವೀಕ್ಷಿಸುವುದಿಲ್ಲ. ಒಂದು ಕಾಲದಲ್ಲಿ ಆ ವೇಧಶಾಲೆಯ ಸಹಾಯಕರೊಬ್ಬರ ಮಗನು, ತಂದೆ ದುಡಿಯುತ್ತಿದ್ದ ಆ ಸ್ಥಳದಲ್ಲಿಯೇ ನಕ್ಷತ್ರಗಳ ಪರಿಚಯ ಮಾಡಿಕೊಂಡನು. ಆತನೇ ಮುಂದೆ ಜಗದ್ವಿಖ್ಯಾತರಾದ ವೈನು ಬಪ್ಪು.

ಬಪ್ಪು ಅವರು 1927ನೆಯ ಇಸವಿ ಆಗಸ್ಟ್ 10ರಂದು ಮದರಾಸಿನಲ್ಲಿ ಜನಿಸಿದರು. ಹೈದರಾಬಾದಿನ ನಿಜಾಂ ಕಾಲೇಜಿನಲ್ಲಿ ಓದಿ, ಇಲ್ಲಿನ ಸರ್ಕಾರದ ವಿದ್ಯಾರ್ಥಿವೇತನದಿಂದ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ತೆರಳಿದರು. 1949ರಲ್ಲಿ ಅವರು ತೆಗೆದ ಛಾಯಾಚಿತ್ರದಲ್ಲಿ ಹೊಸ ಧೂಮಕೇತುವೊಂದು ಕಂಡಿತು. ಅದಕ್ಕೆ ಬಪ್ಪು, ಬಾಕ್, ನ್ಯೂಕರ್ಕ್ ಎಂಬ ಮೂವರ ಹೆಸರೂ ಸಂದಿತು. ಬಳಿಕ ಓಲಿನ್ ವಿಲ್ಸನ್ ಅವರೊಡಗೂಡಿ, ಕೆಲವು ಬಗೆಯ ನಕ್ಷತ್ರಗಳ ರೋಹಿತದಲ್ಲಿ ಕಾಣುವ ಕ್ಯಾಲ್ಸಿಯಂ ಗೆರೆಯ ಅಗಲದಿಂದಲೇ ಅವುಗಳ ನಿಜವಾದ ಪ್ರಕಾಶವನ್ನು ತಿಳಿಯಬಹುದೆಂದು 1957ರಲ್ಲಿ ಪ್ರಕಟಿಸಿದರು. ದೀಪದ ನಿಜವಾದ ಬೆಳಕು ಎಷ್ಟೆಂದು ಗೊತ್ತಿದ್ದರೆ, ಅದು ಎಷ್ಟು ಮಂದವಾಗಿ ಕಾಣುತ್ತದೆಂಬುದರಿಂದ ಅದರ ದೂರವನ್ನು ಲೆಕ್ಕ ಹಾಕಬಹುದಲ್ಲವೇ? ನಕ್ಷತ್ರಗಳಿಗೂ ಅದೇ ಲೆಕ್ಕ.

ಅಮೆರಿಕದಲ್ಲಿಯೇ ನೆಲೆಸಿದ್ದರೆ ಅವರಿಗೆ ದೊಡ್ಡ ದೂರದರ್ಶಕಗಳ ಕೊರತೆಯಿರುತ್ತಿರಲಿಲ್ಲ. ಆದರೂ 1953ರಲ್ಲಿ ಸ್ವದೇಶಕ್ಕೆ ಮರಳಿದರು. ನೈನಿತಾಲಿನಲ್ಲಿ ವೇಧಶಾಲೆಯನ್ನು ಕಟ್ಟಿ, 1960ರಲ್ಲಿ ಕೊಡೈಕನಾಲಿನ ವೇಧಶಾಲೆಯ ನಿರ್ದೇಶಕರಾದರು. ಅದು ಮುಖ್ಯವಾಗಿ ಸೂರ್ಯನನ್ನು ನೋಡುವ ಸ್ಥಳ. ಇರುಳಿನ ಆಕಾಶಕ್ಕಾಗಿ ಅವರು ತಮಿಳುನಾಡಿನ ಜವ್ವಾದು ಬೆಟ್ಟಗಳ ನಡುವಿನ ಕಾವಲೂರನ್ನು ಆರಿಸಿದರು.

ಅಷ್ಟು ದೊಡ್ಡ ದೂರದರ್ಶಕವೇಕೆ ಬೇಕೆಂದು ನೀವು ಕೇಳಬಹುದು. ನಮ್ಮ ಆಕಾಶಗಂಗೆಯಂತೆ ಕೋಟ್ಯಂತರ ನಕ್ಷತ್ರಗಳ ದ್ವೀಪಗಳು ಹೊರಗೆ ಎಷ್ಟೋ ಇವೆ, ಅವೇ ಗೆಲಾಕ್ಸಿಗಳು. ಅವುಗಳಲ್ಲಿ ಒಂದು ಜಾತಿಗೆ ಮಸೂರಾಕಾರದವು ಎಂದು ಹೆಸರು. ನಿಮ್ಮ ಮನೆಯ ಅಡಿಗೆಯಲ್ಲಿ ಬೇಯುವ ಮಸೂರ್ ಬೇಳೆಯನ್ನು ನೆನೆದುಕೊಳ್ಳಿ: ನಡುವೆ ಉಬ್ಬು, ಅಂಚಿನಲ್ಲಿ ತೆಳು. ಅಲ್ಲಿ ಸುರುಳಿ ತೋಳುಗಳಿಲ್ಲ, ಅನಿಲ ಅತ್ಯಲ್ಪ; ಹೊಸ ನಕ್ಷತ್ರಗಳು ಹುಟ್ಟುವುದೂ ಅಪರೂಪ. 1787ರಲ್ಲಿ ವಿಲಿಯಂ ಹರ್ಷಲ್ ಕಂಡ ಎನ್‌ಜಿಸಿ 3115 ಎಂಬುದು ಈ ಜಾತಿಯದು. ಅದರ ಬೆಳಕು ನಮ್ಮನ್ನು ತಲುಪಲು ಸುಮಾರು 3 ಕೋಟಿ ವರ್ಷ ಬೇಕು. ಇಂತಹ ಕ್ಷೀಣವಾದ ಬೆಳಕನ್ನು ಕೂಡಿಹಾಕಲು ಅಗಲವಾದ ಕನ್ನಡಿಯೇ ಬೇಕು.

ಆ ಕನ್ನಡಿಯನ್ನು ಪರದೇಶದಿಂದ ಸಿದ್ಧವಾಗಿ ತರಿಸಲು ಬಪ್ಪು ಒಪ್ಪಲಿಲ್ಲ. ಗಾಜು ಮಾತ್ರ ಹೊರಗಿನಿಂದ ಬಂದಿತು. 234 ಸೆಂಟಿಮೀಟರ್ ಅಗಲ, ಎಂದರೆ ನಮ್ಮ ತರಗತಿಯ ಎರಡು ಬಾಗಿಲುಗಳಷ್ಟು! ಅದನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿ ತೇಯ್ದು ನಯಗೊಳಿಸುವ ಕೆಲಸವು ವರ್ಷಗಟ್ಟಲೆ ನಡೆಯಿತು. ಆ ಸಂಸ್ಥೆಯೂ ಅವರ ನೇತೃತ್ವದಲ್ಲಿಯೇ 1971ರಲ್ಲಿ ಸ್ವತಂತ್ರ ರೂಪ ಪಡೆದದ್ದು.

1979ರಲ್ಲಿ ಬಪ್ಪು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾದರು. ದೂರದರ್ಶಕವಿನ್ನೂ ಸಿದ್ಧವಾಗದಿರುವಾಗಲೇ, 1982ರ ಆಗಸ್ಟ್ 19ರಂದು ಜರ್ಮನಿಯ ಮ್ಯೂನಿಕ್ ನಗರದಲ್ಲಿ, 55ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಸಹೋದ್ಯೋಗಿಗಳು ಕೆಲಸವನ್ನು ಮುಂದುವರಿಸಿದರು. 1986ರ ಜನವರಿ 6ರಂದು ಪ್ರಧಾನಿ ರಾಜೀವ್ ಗಾಂಧಿಯವರು ಕಾವಲೂರಿನ ಆ ದೂರದರ್ಶಕಕ್ಕೆ ಬಪ್ಪು ಅವರ ಹೆಸರನ್ನಿಟ್ಟರು.