ಗ್ರಹಾಂ ಗ್ರೀನ್: ಪತ್ರಿಕಾಲಯದಿಂದ ಕಾದಂಬರಿ ಲೋಕಕ್ಕೆ

ಪಾಪ ಮತ್ತು ದೈವಕೃಪೆಗಳ ಹೋರಾಟವನ್ನು ರೋಚಕ ಕಥೆಗಳಲ್ಲಿ ಹಿಡಿದಿಟ್ಟ ಆಂಗ್ಲ ಲೇಖಕರಲ್ಲಿ ಗ್ರಹಾಂ ಗ್ರೀನ್ ಅಗ್ರಗಣ್ಯರು. ಅವರು ಇಂಗ್ಲೆಂಡಿನ ಬರ್ಕಮ್‌ಸ್ಟೆಡ್‌ನಲ್ಲಿ 1904ರ ಅಕ್ಟೋಬರ್ 2ರಂದು ಜನಿಸಿದರು.

ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದಾಗ, ಕಥೋಲಿಕರು ಮರಿಯಮ್ಮನವರನ್ನು ಆರಾಧಿಸುತ್ತಾರೆಂದು ಅವರು ಬರೆದಿದ್ದರು. ಆರಾಧನೆ ದೇವರೊಬ್ಬರಿಗೇ ಸಲ್ಲತಕ್ಕದ್ದೆಂದು ವಿವಿಯನ್ ಎಂಬ ಕಥೋಲಿಕ ಯುವತಿ ಪತ್ರ ಬರೆದು ತಿದ್ದಿದರು. ಆ ಪತ್ರ ಸ್ನೇಹಕ್ಕೂ, 1927ರಲ್ಲಿ ವಿವಾಹಕ್ಕೂ ನಾಂದಿಯಾಯಿತು.

ನಾಟಿಂಗ್‌ಹ್ಯಾಮ್‌ನ ಪತ್ರಿಕೆಯೊಂದರಲ್ಲಿ ಸಂಬಳವಿಲ್ಲದೆ ಕೆಲಸ ಕಲಿಯುತ್ತಿದ್ದ ಗ್ರೀನ್, ಭಾವೀ ಪತ್ನಿಯ ಧರ್ಮವನ್ನು ಅರಿಯಲೆಂದು ಅಲ್ಲಿನ ಗುರು ಟ್ರೊಲೊಪ್ ಅವರ ಬಳಿಗೆ ಹೋದರು. ನಾಸ್ತಿಕರಾಗಿ ವಾದಕ್ಕಿಳಿದವರು 1926ರ ಫೆಬ್ರವರಿಯಲ್ಲಿ ಧರ್ಮಸಭೆಯನ್ನು ಸೇರಿದರು.

ಅದೇ ವರ್ಷ ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಯ ಉಪಸಂಪಾದಕರಾದರು. ಅನಾವಶ್ಯಕ ಪದಗಳನ್ನು ನಿರ್ದಾಕ್ಷಿಣ್ಯವಾಗಿ ತೆಗೆದುಹಾಕುವ ಶಿಸ್ತನ್ನು ಆ ವೃತ್ತಿ ಕಲಿಸಿತು. 1929ರಲ್ಲಿ ಪ್ರಕಟವಾದ ‘ದಿ ಮ್ಯಾನ್ ವಿದಿನ್’ ಜನಪ್ರಿಯವಾಯಿತು. ಪ್ರಕಾಶಕರು ಮೂರು ವರ್ಷ, ವರ್ಷಕ್ಕೆ 600 ಪೌಂಡ್ ಮುಂಗಡ ನೀಡಲು ಒಪ್ಪಿದಾಗ ಗ್ರೀನ್ ಉದ್ಯೋಗ ತ್ಯಜಿಸಿದರು. ಆದರೆ ಮುಂದಿನ ಎರಡು ಕಾದಂಬರಿಗಳು ಸೋತವು. ಬಡತನ ಬಾಗಿಲಿಗೆ ಬಂದಾಗ, ಓದುಗರನ್ನು ಸೆಳೆಯಲೆಂದೇ ರೈಲು ಪ್ರಯಾಣದ ರೋಚಕ ಕಥೆಯೊಂದನ್ನು ಬರೆದರು. 1932ರ ಆ ‘ಸ್ಟಾಂಬೂಲ್ ಟ್ರೈನ್’ ಅವರ ಕೈಹಿಡಿಯಿತು. 1934ರಲ್ಲಿ ಚಲನಚಿತ್ರವೂ ಆಯಿತು.

ತಾವು ಕಷ್ಟದಿಂದ ಏರಿದ ಮೆಟ್ಟಿಲನ್ನು ಇತರರಿಗೂ ತೋರಿಸಿದರು. ಮೈಸೂರಿನ ಆರ್.ಕೆ. ನಾರಾಯಣರ ಮೊದಲ ಕಾದಂಬರಿ 1935ರಲ್ಲಿ ಲಂಡನ್ನಿನಲ್ಲಿ ಬೆಳಕು ಕಂಡದ್ದು ಗ್ರೀನ್ ಅವರ ಪ್ರಯತ್ನದಿಂದಲೇ.

1938ರಲ್ಲಿ ಮೆಕ್ಸಿಕೋಗೆ ತೆರಳಿ, ಧರ್ಮಸಭೆ ಅಲ್ಲಿ ಅನುಭವಿಸಿದ್ದ ಹಿಂಸೆಯನ್ನು ಅರಿತರು. 1940ರ ‘ದಿ ಪವರ್ ಅಂಡ್ ದಿ ಗ್ಲೋರಿ’ ಅದರ ಫಲ. ಸೈನಿಕರಿಂದ ತಲೆಮರೆಸಿಕೊಂಡು, ಕುಡಿತಕ್ಕೆ ದಾಸನಾಗಿದ್ದರೂ ಸಂಸ್ಕಾರಗಳನ್ನು ನೀಡುತ್ತಲೇ ಸಾಯುವ ಗುರುವೊಬ್ಬನ ಕಥೆಯಿದು. 1950ರ ದಶಕದಲ್ಲಿ ರೋಮಿನ ಅಧಿಕಾರಿಗಳು ಇದನ್ನು ಆಕ್ಷೇಪಿಸಿದರು. ಆದರೆ 1965ರಲ್ಲಿ ಭೇಟಿಯಾದ ಜಗದ್ಗುರು ಆರನೆಯ ಪೌಲರು, ತಾವು ಅದನ್ನು ಓದಿರುವುದಾಗಿ ತಿಳಿಸಿ ಧೈರ್ಯ ಹೇಳಿದರು.

ಗ್ರೀನ್ ಸಂತರಾಗಿರಲಿಲ್ಲ. ಅವರ ದಾಂಪತ್ಯ ಮುರಿಯಿತು. ಸಂದೇಹಗಳು ಕೊನೆಯವರೆಗೂ ಕಾಡಿದವು. 1991ರ ಏಪ್ರಿಲ್ 3ರಂದು ಸ್ವಿಟ್ಜರ್ಲೆಂಡಿನ ವೆವೆಯಲ್ಲಿ ನಿಧನರಾಗುವ ಮುನ್ನ, ಅವರ ಮಿತ್ರರಾದ ಸ್ಪೇನಿನ ಗುರುವೊಬ್ಬರು ಅವರಿಗೆ ಸಂಸ್ಕಾರಗಳನ್ನು ನೀಡಿದರು. ತಮ್ಮ ಕಥೆಯ ಗುರುವಿನಂತೆ ಅವರೂ ದೇವರ ಕೃಪೆಯನ್ನು ನೆಚ್ಚಬೇಕಾದ ದುರ್ಬಲ ಮಾನವರೇ. ನಮ್ಮ ಮನೆಗಳಲ್ಲಿ ವಿಶ್ವಾಸ ಕುಂದಿದವರನ್ನು ಕಂಡಾಗ ಈ ಬಾಳು ನಮಗೆ ತಾಳ್ಮೆಯನ್ನು ಕಲಿಸಲಿ.